ಕೋಡಿಯಿಲ್ಲದ ಕೆರೆ ಉಳಿಯದು
(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂದು ನನಗೆ ಕೊಟ್ಟಿರುವ ವಿಷಯ, ನಮ್ಮ ಗೋಷ್ಠಿಗಳಲ್ಲಿ ಮುಕ್ತ ಚರ್ಚೆ ಬೇಕೇ, ಬೇಡವೇ ಎಂಬುದು. ಬೇಕು ಎಂಬುದೇ ನನ್ನ ಉತ್ತರ. ಆದರೆ ನಿಯಮವಿಲ್ಲದೆ ಬೇಡ. ಇದನ್ನು ನಾನು ಗ್ರಂಥ ಓದಿ ಕಲಿಯಲಿಲ್ಲ. ನನ್ನದೇ ತಪ್ಪಿನಿಂದ ಕಲಿತೆ.

ನಮ್ಮ ವಾರದ ಗೋಷ್ಠಿಯ ಕ್ರಮ ನಿಮಗೂ ಪರಿಚಿತವೇ. ಪ್ರಾರ್ಥನೆ, ವಚನ ಗಾಯನ, ಒಂದು ವಚನದ ಚಿಂತನೆ. ಕೊನೆಯ ಅರ್ಧ ಗಂಟೆ ಯಾರು ಏನನ್ನಾದರೂ ಕೇಳಬಹುದು. 2018ರ ಮಾರ್ಚ್‌ನಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯ ವಿಷಯವನ್ನು ಕೇಂದ್ರಕ್ಕೆ ಶಿಫಾರಸು ಮಾಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದಾಗ ಆ ಅರ್ಧ ಗಂಟೆ ರಣರಂಗವಾಯಿತು. ಅಂದಿನ ವಚನ ಯಾವುದೇ ಇರಲಿ, ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಒಂದು ಭಾನುವಾರ ನಾನು ಮೂವತ್ತು ವರ್ಷದ ಗೆಳೆಯರೊಬ್ಬರಿಗೆ ಎಲ್ಲರೆದುರು, "ನೀವು ಲಿಂಗ ಕಟ್ಟಿಕೊಂಡದ್ದು ಬರೀ ತೋರಿಕೆಗೆ" ಎಂದುಬಿಟ್ಟೆ. ಅವರು ಉತ್ತರ ಕೊಡಲು ಎದ್ದರು. ನಾನು ಬಿಡಲಿಲ್ಲ, ಇನ್ನೂ ಜೋರಾಗಿ ಮಾತನಾಡಿದೆ. ಅವರು ಹೊರಟುಹೋದರು. ಮುಂದಿನ ವಾರಗಳಲ್ಲಿ ತಾಯಂದಿರೂ ಚಿಂತನೆ ಮುಗಿದೊಡನೆ ಎದ್ದು ಹೋಗತೊಡಗಿದರು.

ಹಿರಿಯರು ಸೇರಿ ಆ ಅರ್ಧ ಗಂಟೆಯನ್ನೇ ತೆಗೆದುಹಾಕಿದರು. ನಾನೂ ಒಪ್ಪಿದೆ. ಶಾಂತಿ ಬಂತೆಂದುಕೊಂಡೆವು, ಬರಲಿಲ್ಲ. ಜಗಳ ಚಪ್ಪಲಿ ಬಿಡುವ ಜಾಗಕ್ಕೆ, ಚಹಾದಂಗಡಿಗೆ, ವಾಟ್ಸಾಪಿಗೆ ಹೋಯಿತು. ಮುಖ ನೋಡಿ ಹೇಳಲಾಗದ ಮಾತುಗಳನ್ನು ಅಲ್ಲಿ ಹೇಳಿಕೊಂಡೆವು.

ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕೆರೆಯ ಏರಿ ಎಷ್ಟೇ ಗಟ್ಟಿಯಿರಲಿ, ಹೆಚ್ಚಾದ ನೀರು ಹೊರಹೋಗಲು ಕೋಡಿ ಇರಲೇಬೇಕು. ಕೋಡಿ ಮುಚ್ಚಿದರೆ ನೀರು ಏರಿಯ ಮೇಲೆ ಹರಿದು, ಮಣ್ಣು ಕೊರೆದು, ಕೊನೆಗೆ ಏರಿಯೇ ಒಡೆಯುತ್ತದೆ. ಆದರೆ ಕೋಡಿಯೆಂದರೆ ಏರಿ ಕಡಿದು ಬಿಟ್ಟ ಜಾಗವಲ್ಲ. ಅದಕ್ಕೆ ಗೊತ್ತಾದ ಮಟ್ಟ ಬೇಕು, ಗಟ್ಟಿ ಕಟ್ಟಡ ಬೇಕು, ಬೀಳುವ ನೀರಿನ ರಭಸ ತಡೆಯಲು ಕೆಳಗೆ ಕಲ್ಲುಹಾಸು ಬೇಕು. ನಾವು ಮೊದಲು ಇದಾವುದೂ ಇಲ್ಲದೆ ನೀರು ಬಿಟ್ಟೆವು; ಆಮೇಲೆ ದಾರಿಯನ್ನೇ ಮುಚ್ಚಿದೆವು. ಎರಡೂ ತಪ್ಪು.

ಇಂಥ ಫಜೀತಿ ಇನ್ನೊಬ್ಬ ಎಂಜಿನಿಯರಿಗೂ ಆಗಿತ್ತು. ಅಮೆರಿಕದ ಸೈನ್ಯದಲ್ಲಿ ಎಂಜಿನಿಯರಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ 1863ರಲ್ಲಿ ಚರ್ಚೊಂದರಲ್ಲಿ ನಡೆದ ಸಭೆಗೆ ಅಧ್ಯಕ್ಷರಾಗಿ, ಸಭೆ ನಡೆಸುವುದು ಹೇಗೆಂದು ತಿಳಿಯದೆ ಪೇಚಿಗೆ ಸಿಕ್ಕಿದರು. 1876ರಲ್ಲಿ ಅವರು ಪ್ರಕಟಿಸಿದ ಸಭಾ ನಿಯಮಗಳ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಅದರ ಕೆಲವು ಮಾತುಗಳು ನಮಗೂ ಒಪ್ಪುತ್ತವೆ. ಎದುರಾಳಿಯನ್ನಲ್ಲ, ಅಧ್ಯಕ್ಷರನ್ನು ಉದ್ದೇಶಿಸಿ ಮಾತನಾಡಬೇಕು. ವಾದವನ್ನು ಖಂಡಿಸಬಹುದು, ವಾದಿಸಿದವರ ಮನಸ್ಸಿನಲ್ಲಿ ಏನಿದೆಯೆಂದು ಆರೋಪಿಸಬಾರದು. ಇನ್ನೂ ಮಾತನಾಡದವರು ಕಾದಿರುವಾಗ ಒಮ್ಮೆ ಮಾತನಾಡಿದವರಿಗೆ ಎರಡನೆಯ ಸರದಿಯಿಲ್ಲ. ಅಧ್ಯಕ್ಷರು ತಾವೇ ವಾದಕ್ಕಿಳಿಯುವುದಾದರೆ ಪೀಠ ಬಿಟ್ಟು ಇಳಿಯಬೇಕು.

ನಾವು ಅರ್ಧ ಗಂಟೆಯನ್ನು ಮತ್ತೆ ತೆರೆಯಲು ನಿರ್ಧರಿಸಿದಾಗ ಇವುಗಳ ಜೊತೆಗೆ ನಮ್ಮವೂ ಕೆಲವು ಸೇರಿದವು. ಮಾತನಾಡುವವರು ಮೊದಲೇ ಚೀಟಿಯಲ್ಲಿ ಹೆಸರು, ವಿಷಯ ಬರೆದುಕೊಡಬೇಕು. ಒಬ್ಬರಿಗೆ ಮೂರು ನಿಮಿಷ. ಒಳಪಂಗಡದ ಹೆಸರು ಹಿಡಿದು ಯಾರನ್ನೂ ಮೂದಲಿಸುವಂತಿಲ್ಲ. ಖಂಡಿಸುವ ಮುನ್ನ ಎದುರಿನವರ ವಾದವನ್ನು ಅವರು ಒಪ್ಪುವ ಹಾಗೆ ಒಮ್ಮೆ ಹೇಳಬೇಕು.

ಒಂದು ನಿಯಮದ ಮೇಲೆ ಮಾತ್ರ ಬಿಸಿ ಚರ್ಚೆಯಾಯಿತು. ಚಿಂತನೆಗೆ ಬಾರದೆ ಜಗಳದ ಹೊತ್ತಿಗೆ ಸರಿಯಾಗಿ ಬರುವ ಕೆಲವರಿದ್ದರು. ಅದಕ್ಕಾಗಿ, ಹೊಸಬರು ಎರಡು ತಿಂಗಳು ಕೇಳಿದ ಮೇಲೆಯೇ ಮಾತನಾಡಲಿ ಎಂದು ನಾನು ಸೂಚಿಸಿದೆ. ಕಾಲೇಜು ಓದುವ ಹೆಣ್ಣುಮಗಳೊಬ್ಬಳು ಎದ್ದಳು. "ಸರ್, ಅಕ್ಕ ಕಲ್ಯಾಣಕ್ಕೆ ಬಂದ ದಿನ ನೀವು ಅಲ್ಲಿದ್ದಿದ್ದರೆ, ಎರಡು ತಿಂಗಳು ಸುಮ್ಮನೆ ಕೂತಿರಮ್ಮ ಅಂತಿದ್ದಿರಾ?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಶೂನ್ಯಸಂಪಾದನೆಯ ಆ ಪ್ರಸಂಗ ನಿಮಗೆಲ್ಲ ಗೊತ್ತು. ಅಲ್ಲಮಪ್ರಭುಗಳು ಅಕ್ಕನನ್ನು ಕಠಿಣವಾಗಿಯೇ ಪ್ರಶ್ನಿಸುತ್ತಾರೆ. ಆದರೆ ಪ್ರತಿ ಪ್ರಶ್ನೆಗೂ ಅಕ್ಕನ ಉತ್ತರ ಬರುವವರೆಗೆ ನಿಲ್ಲುತ್ತಾರೆ. ಉತ್ತರ ಕೇಳಿ ಒಪ್ಪುತ್ತಾರೆ. ಕಠಿಣ ಪ್ರಶ್ನೆ ತಪ್ಪಲ್ಲ ಬಂಧುಗಳೇ. ಪ್ರಶ್ನೆ ಹಾಕಿ ಉತ್ತರ ಕೇಳದಿರುವುದು ತಪ್ಪು. ನನ್ನ ಗೆಳೆಯರಿಗೆ ನಾನು ಮಾಡಿದ್ದು ಅದನ್ನೇ.

ಆ ನಿಯಮವನ್ನು ತಿದ್ದಿದೆವು. ಅಂದಿನ ಚಿಂತನೆಗೆ ಮೊದಲಿಂದ ಕುಳಿತವರು, ಹಳಬರಿರಲಿ ಹೊಸಬರಿರಲಿ, ಅಂದೇ ಮಾತನಾಡಬಹುದು. ಯಾರ ಮಾತನ್ನು ಖಂಡಿಸಲಾಯಿತೋ ಅವರಿಗೆ ಉತ್ತರಿಸುವ ಹಕ್ಕು ಮೊದಲು. ಈ ನಿಯಮಗಳೆಲ್ಲ ಯಾರನ್ನು ತಡೆಯಲು ಎಂದರೆ, ನನ್ನಂಥ ದೊಡ್ಡ ಗಂಟಲಿನವರನ್ನು. ಸಣ್ಣ ದನಿಯವರಿಗೆ ನಿಯಮ ತಡೆಯಲ್ಲ, ಆಸರೆ.

ಗೆಳೆಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಹೆಚ್ಚು ಮಾತನಾಡಲಿಲ್ಲ, ಆದರೆ ಭಾನುವಾರ ಬಂದರು. ಮೊದಲ ಚೀಟಿಯನ್ನೂ ಅವರೇ ಕೊಟ್ಟರು. ಮೂರು ನಿಮಿಷ ನನ್ನ ನಿಲುವನ್ನು ಖಂಡಿಸಿದರು. ನನ್ನ ಸರದಿ ಬಂದಾಗ ನಿಯಮದಂತೆ ಮೊದಲು ಅವರ ವಾದ ಹೇಳಬೇಕಿತ್ತು. ಹೇಳಿದೆ. "ನಾನು ಅಂದದ್ದು ಅದಲ್ಲ" ಎಂದರು. ಮತ್ತೆ ಹೇಳಿದೆ, ಅದೂ ಅಲ್ಲ. ಮೂರನೆಯ ಸಲ "ಹೌದು, ಅದೇ" ಎಂದರು. ಅಷ್ಟರಲ್ಲಿ ನನ್ನ ಮೂರು ನಿಮಿಷ ಮುಗಿದಿತ್ತು.

ಸಭೆ ನಕ್ಕಿತು. ಅವರೂ ನಕ್ಕರು. ಇವತ್ತಿಗೂ ಆ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆಯೇ. ಕೂರುವುದು ಮಾತ್ರ ಅಕ್ಕಪಕ್ಕ.

ನಿಮ್ಮ ಊರಿನ ಗೋಷ್ಠಿಗಳಲ್ಲಿ ಮುಚ್ಚಿರುವ ಕೋಡಿಗಳಿದ್ದರೆ, ದಯವಿಟ್ಟು ಕಟ್ಟೆ ಕಟ್ಟಿ ತೆರೆಯಿರಿ.