ಹಿಟ್ಟಿನ ಜೊತೆ ಬೀಜವೂ ಇರಲಿ



ಯುದ್ಧಪೀಡಿತ ನಾಡಿಗೆ ಹಿಟ್ಟು ಕಳಿಸಿದರೆ ಇಂದಿನ ಹಸಿವು ನೀಗುತ್ತದೆ. ಆದರೆ ರೈತನ ಬಿತ್ತನೆ ಬೀಜವೇ ಹೋದರೆ ಮುಂದಿನ ವರ್ಷದ ಗತಿಯೇನು?

ಸಿರಿಯಾವನ್ನೇ ನೋಡಿ. 2006ರ ನಂತರ ಕೆಲವು ವರ್ಷ ಭೀಕರ ಬರ, 2011ರಿಂದ ಅಂತರ್ಯುದ್ಧ. ಅಲೆಪ್ಪೊ ಸಮೀಪದ ಇಕಾರ್ಡಾ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಣನೆಲಕ್ಕೆ ಒಗ್ಗುವ ಗೋಧಿ, ಬಾರ್ಲಿ, ಕಡಲೆ, ಮಸೂರ ತಳಿಗಳ ಬೀಜಭಂಡಾರವಿತ್ತು. ಯುದ್ಧದಿಂದಾಗಿ ವಿಜ್ಞಾನಿಗಳು ಕೇಂದ್ರವನ್ನು ತೊರೆಯಬೇಕಾಯಿತು. ಆದರೆ ಬಹುಪಾಲು ತಳಿಗಳ ಬೀಜವನ್ನು ಅವರು ನಾರ್ವೆಯ ಸ್ವಾಲ್ಬಾರ್ಡ್ ಭಂಡಾರದಲ್ಲಿಯೂ ಇಟ್ಟಿದ್ದರು. 2015ರಲ್ಲಿ ಅದನ್ನು ಹಿಂಪಡೆದು ಲೆಬನಾನ್, ಮೊರಾಕ್ಕೊಗಳಲ್ಲಿ ಬಿತ್ತಿದರು. 2017ರಲ್ಲಿ ಹೊಸ ಬೀಜವನ್ನು ಮರಳಿ ಅಲ್ಲಿಗೆ ಕಳಿಸಿದರು.

ಭಂಡಾರದಲ್ಲಿ ಉಳಿದ ಬೀಜ ಹೊಲ ಸೇರಿದಾಗಲೇ ಅನ್ನವಾಗುತ್ತದೆ. ಆದ್ದರಿಂದ ಪರಿಹಾರದ ಲಾರಿಯಲ್ಲಿ ಹಿಟ್ಟಿನ ಮೂಟೆಯ ಪಕ್ಕದಲ್ಲೇ ಬೀಜದ ಚೀಲವೂ ಇರಬೇಕು. ಅದು ಬಿತ್ತನೆಯ ಹದ ತಪ್ಪುವ ಮುನ್ನ ರೈತನನ್ನು ತಲುಪಬೇಕು.