ಹಣೆಯ ಸರ್ಪಸುತ್ತು ಮತ್ತು ಕಣ್ಣಿನ ದೃಷ್ಟಿ

(ಮಾಲೇಕಲ್ಲಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ನೀಡಿದ ಉಪನ್ಯಾಸ)



ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯನಲ್ಲ. ಆದರೂ ಈ ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ. ರೋಗಿ ಆಸ್ಪತ್ರೆಗೆ ತಡವಾಗಿ ತಲುಪಲು ಕಾರಣ ಬಹುಮಟ್ಟಿಗೆ ಊರೊಳಗೇ ಇರುತ್ತದೆ. ಊರೊಳಗೆ ತಮ್ಮ ಮಾತು ನಡೆಯುತ್ತದೆ.

ಸರ್ಪಸುತ್ತು ನಮಗೆಲ್ಲ ತಿಳಿದ ಬೇನೆ. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ವಾರ ಕಾಯುವುದು ರೂಢಿ. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರದಲ್ಲಿ ಅಡಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ತಲೆಯೆತ್ತುವುದೇ ಈ ಬೇನೆ. ಹಣೆಯ ಒಂದೇ ಬದಿಯಲ್ಲಿ, ರೆಪ್ಪೆಯ ಮೇಲೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಾಯುವಂತಿಲ್ಲ. ಮೂಗಿನ ತುದಿಗೂ ಕಣ್ಣಿನೊಳಗೂ ಹೋಗುವುದು ಒಂದೇ ನರದ ಕವಲುಗಳು. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂತಹ ಮಾತ್ರೆ ಆರಂಭವಾದರೆ ಕಣ್ಣಿಗಾಗುವ ಹಾನಿ ಬಹಳ ತಗ್ಗುತ್ತದೆ. ತಡವಾದರೂ ಹೋಗಲೇಬೇಕು. ಮಂತ್ರ ಹಾಕಿಸುವವರನ್ನು ನಾನು ಹಂಗಿಸುವುದಿಲ್ಲ, ನಮ್ಮ ಅಜ್ಜಿಯೂ ಹಾಕಿಸಿದವರೇ. ಗುಳ್ಳೆಗೆ ಮಣ್ಣು ಬೇಡ, ಅದೇ ದಿನ ಆಸ್ಪತ್ರೆಗೆ ಕಳುಹಿಸಿ ಎಂಬುದಷ್ಟೇ ನನ್ನ ವಿನಂತಿ.

ಎಚ್‌ಐವಿ ಸೋಂಕಿತರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿಯಾದವರು, ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಇವರಿಗೆ ಅಪಾಯ ಹೆಚ್ಚು. ಹರೆಯದವರಲ್ಲಿ ಸರ್ಪಸುತ್ತು ಕಂಡರೆ ವೈದ್ಯರು ರಕ್ತ ಪರೀಕ್ಷೆ ಸೂಚಿಸುವುದು ಇದೇ ಕಾರಣಕ್ಕೆ.

ಇನ್ನೊಂದು ವೈರಾಣು ಇದಕ್ಕಿಂತ ಮೋಸದ್ದು. ಸೈಟೋಮೆಗಾಲೋ ಎಂದು ಅದರ ಹೆಸರು. ಎಚ್‌ಐವಿ ಸೋಂಕಿತರ ಸಿಡಿ4 ಎಣಿಕೆ 50ಕ್ಕಿಂತ ಕೆಳಗಿಳಿದಾಗ ಅದು ಅಕ್ಷಿಪಟಲವನ್ನು ತಿನ್ನುತ್ತದೆ. ನೋವಿಲ್ಲ, ಕೆಂಪಿಲ್ಲ. ಕಣ್ಣೆದುರು ಕಪ್ಪು ಚುಕ್ಕೆ ತೇಲುತ್ತವೆ, ನೋಟದ ಒಂದು ಭಾಗ ಮಸುಕಾಗುತ್ತದೆ. ಪೊರೆಯೆಂದು ತಿಳಿದು ಮುಂದಿನ ಶಿಬಿರಕ್ಕೆ ಕಾದವರು ಕಳೆದುಕೊಂಡ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಬಹುದು. 2004ರಿಂದ ಸರ್ಕಾರ ಉಚಿತವಾಗಿ ನೀಡುತ್ತಿರುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗುವವರಿಗೆ ಈ ಸ್ಥಿತಿ ಬರುವುದು ಅಪರೂಪ.

2023ರ ಮಳೆಗಾಲದಲ್ಲಿ ಮದ್ರಾಸ್ ಐ ಹರಡಿದಾಗ ಒಬ್ಬರ ಹನಿಯನ್ನು ಮನೆಮಂದಿಯೆಲ್ಲ ಹಾಕಿಕೊಂಡದ್ದು ನೆನಪಿರಬಹುದು. ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ, ಹರ್ಪಿಸ್ ಹುಣ್ಣಿರುವ ಕಣ್ಣನ್ನು ಕೆಡಿಸಿಬಿಡುತ್ತದೆ.

ಕೊನೆಯದಾಗಿ, ಗುಟ್ಟಿನ ವಿಷಯ. ಹೆಸರು ಬಯಲಾಗುವ ಭಯಕ್ಕೇ ಅನೇಕರು ಮಾತ್ರೆ ಬಿಡುತ್ತಾರೆ. 2017ರ ಎಚ್‌ಐವಿ ಕಾಯ್ದೆಯಂತೆ ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಗ್ರಾಮಸಭೆಯಲ್ಲಾಗಲಿ, ಅರಳಿಕಟ್ಟೆಯಲ್ಲಾಗಲಿ ಯಾರ ಹೆಸರನ್ನೂ ಎತ್ತಬೇಡಿ. ಅರಸೀಕೆರೆ ಅಥವಾ ಹಾಸನದ ಆಸ್ಪತ್ರೆಗೆ ಹೋಗಲು ವಾಹನ ಬೇಕೆಂದು ಯಾರಾದರೂ ಕೇಳಿದರೆ, ಕಾಯಿಲೆ ಯಾವುದೆಂದು ಕೇಳದೆ ಏರ್ಪಾಡು ಮಾಡಿಕೊಡಿ. ವಿಚಾರಿಸಬಯಸುವವರಿಗೆ 1097 ಉಚಿತ ಸಹಾಯವಾಣಿಯಿದೆ. ಸಂಖ್ಯೆಯನ್ನು ಪಂಚಾಯಿತಿ ಫಲಕದಲ್ಲಿ ಬರೆಸಲು ಇಂದೇ ತಮ್ಮ ಅನುಮತಿ ಕೋರುತ್ತೇನೆ.