ಓನಿಗಿರಿಯ ಅಂಗಡಿ

ಪಯಣಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ನಮ್ಮಲ್ಲಿ ಹೊಸತಲ್ಲ. ಮೊಸರನ್ನವನ್ನು ಬಾಳೆಯೆಲೆಯಲ್ಲಿ ಕಟ್ಟಿ, ಕೆಲವು ಗಂಟೆಗಳ ತರುವಾಯ ಬಿಚ್ಚಿ ಉಣ್ಣುವುದರಲ್ಲಿಯೇ ಅದರ ಸೊಗಸುಂಟು. ಜಪಾನೀಯರ ಬುತ್ತಿಯೆಂದರೆ ಓನಿಗಿರಿ. ಅಂಟುಳ್ಳ ಅನ್ನವನ್ನು ಉಪ್ಪು ಸವರಿದ ಒದ್ದೆಗೈಯಿಂದ ಹಿಡಿದ ಉಂಡೆ. ಹಿಡಿಯುವುದು ಎಂಬರ್ಥದ ಕ್ರಿಯಾಪದದಿಂದಲೇ ಅದಕ್ಕೆ ಆ ಹೆಸರು. ಇಷಿಕಾವಾ ಪ್ರಾಂತದಲ್ಲಿ 1987ರಲ್ಲಿ ನೆಲದಡಿ ದೊರೆತ, ಕರಿಕಾಗಿ ಉಳಿದ ಅನ್ನದ ಮುದ್ದೆಯೊಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದು.

ದಾರಿಗೆಂದು ಹುಟ್ಟಿದ ಈ ತಿನಿಸನ್ನು ಕುಳಿತು ತಿನ್ನುವುದಕ್ಕೆ ಅಂಗಡಿಯೇಕೆಂದು ಶ್ರೋತೃಗಳು ಕೇಳಬಹುದು. ಟೋಕಿಯೋ ನಗರದ ಅಸಾಕುಸಾದಲ್ಲಿ 1954ರಲ್ಲಿ ತೆರೆದ 'ಯಾದೊರೋಕು' ಎಂಬುದು ಆ ನಗರದ ಓನಿಗಿರಿಯ ಅಂಗಡಿಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿದೆ. ಕಾರು ಟೈರುಗಳ ಕಂಪನಿಯೊಂದು ಹೊರಡಿಸುವ ಮಿಶೆಲಿನ್ ಭೋಜನದರ್ಶಿಯ 2019ರ ಆವೃತ್ತಿಯಲ್ಲಿ, ಮಿತವಾದ ಬೆಲೆಗೆ ಒಳ್ಳೆಯ ಊಟವೆಂಬ ವರ್ಗದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಅಂಗಡಿಯಾದರೋ ಚಿಕ್ಕದು. ಗಿರಾಕಿಗಳು ಮರದ ಕಟ್ಟೆಯ ಮುಂದೆ ಕುಳಿತುಕೊಳ್ಳುವರು. ಒಬ್ಬೊಬ್ಬರು ಹೇಳಿದಾಗಲೇ ಅನ್ನವನ್ನು ತೆಗೆದು, ನಡುವೆ ಉಪ್ಪೂರಿದ ಉಮೆ ಹಣ್ಣನ್ನೋ ಸಾಲ್ಮನ್ ಮೀನನ್ನೋ ಇರಿಸಿ, ಮೂರು ಮೂಲೆಯಾಗಿ ಹಿಡಿದು ಕೊಡುವರು.

ಎಲ್ಲ ಗುಟ್ಟೂ ಆ ಹಿಡಿತದಲ್ಲಿದೆ. ಬಿಗಿದರೆ ಅಗುಳುಗಳು ಹಿಸುಕಿ ಮುದ್ದೆಯಾಗುವುವು; ಸಡಿಲಿಸಿದರೆ ಕೈಯಲ್ಲಿಯೇ ಉದುರುವುವು. ಉಂಡೆಯು ಬಾಯಿಗೆ ಬರುವವರೆಗೆ ನಿಂತು, ಅಲ್ಲಿ ಬಿಡಿಬಿಡಿಯಾಗಬೇಕು. ಬುತ್ತಿಗೆಂದು ಹಿಡಿದ ಉಂಡೆಗೆ ಈ ಸಡಿಲತನವು ಸಲ್ಲದು. ಹೊರಗೆ ಸುತ್ತುವ ನೋರಿಯೆಂಬ ಕಡಲಪಾಚಿಯ ಹಾಳೆಯೂ ಹಾಗೆಯೇ. ಹಪ್ಪಳದಂತೆ ಗರಿಗರಿಯಾದುದು ಅನ್ನದ ಹಬೆ ತಾಗಿ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುವುದು. (ಮೆತ್ತಗಾದುದನ್ನೇ ಮೆಚ್ಚುವವರೂ ಇಲ್ಲದಿಲ್ಲ.) ಈ ಪಾಚಿಯ ಜೀವನಕ್ರಮವನ್ನು 1949ರಲ್ಲಿ ಬೆಳಕಿಗೆ ತಂದವರು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಎಂಬ ವಿದುಷಿ, ಜಪಾನಿನ ಬೆಳೆಗಾರರು ಇಂದಿಗೂ ಆಕೆಯನ್ನು ಸ್ಮರಿಸುವರು.

ದಿನವಿಡೀ ತೆರೆದಿರುವ ಪೇಟೆಯ ಮಳಿಗೆಗಳಲ್ಲಿ ಯಂತ್ರದಿಂದ ಒತ್ತಿದ ಓನಿಗಿರಿಯೂ ಸಿಕ್ಕುತ್ತದೆ. ನೋರಿಗೂ ಅನ್ನಕ್ಕೂ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವನ್ನಿಟ್ಟು, ತಿನ್ನುವಾಗ ಎಳೆದು ತೆಗೆಯುವ ಜಾಣತನ ಅದರದು. ನೋರಿಯ ಗರಿಯು ಹೀಗೆ ಉಳಿಯಿತು. ಅನ್ನದ ಬಿಸಿಯೂ ಕೈಯ ಹದವೂ ಉಳಿಯಲಿಲ್ಲ. ಸಣ್ಣ ಅಂಗಡಿಗಳಿಗೆ ಮಾರಲು ಇರುವುದು ಇವೆರಡೇ.

ಅದಕ್ಕೂ ಅಕ್ಕಿಯು ಬೇಕಷ್ಟೆ. 2025ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಐದು ಕಿಲೋ ಅಕ್ಕಿಯ ಸರಾಸರಿ ಬೆಲೆಯು 4,200 ಯೆನ್ನನ್ನು ಮೀರಿ, ಹಿಂದಿನ ವರ್ಷದ ಸುಮಾರು ಇಮ್ಮಡಿಯಾಯಿತು; ಸರ್ಕಾರವು ತನ್ನ ಕಣಜವನ್ನು ತೆರೆಯಬೇಕಾಯಿತು. ಪಲ್ಯ ಸಾರುಗಳ ಮರೆಯಿದ್ದ ಊಟದಲ್ಲಿ ಅಕ್ಕಿಯ ದರ್ಜೆಯನ್ನು ಇಳಿಸಿದರೂ ನಡೆದೀತು. ಓನಿಗಿರಿಯಲ್ಲಿ ಅನ್ನವಲ್ಲದೆ ಬೇರೇನಿದೆ?